ಒಮೋರಿಯವರ ಲೆಕ್ಕ ಮತ್ತು ನಾನು ಕೊಟ್ಟ ಒಂದು ಉತ್ತರ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿ ಪ್ರದೇಶದಲ್ಲಿ ಭೂಮಿ ನಡುಗಿದಾಗ ನಾನು ಗಡಿಯ ಈಚೆಗೆ, ಬಸವಕಲ್ಯಾಣ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕನಾಗಿದ್ದೆ. ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದ ಜನ ತಮ್ಮ ಮನೆಯ ಕಲ್ಲುಮಣ್ಣಿನ ಗೋಡೆಗಳ ಕೆಳಗೇ ಸಿಲುಕಿ, ಸುಮಾರು 10,000 ಮಂದಿ ಅಸುನೀಗಿದರು. ನಮ್ಮ ಊರಿನಲ್ಲಿ ಪ್ರಾಣಹಾನಿಯಾಗಲಿಲ್ಲ. ಆದರೆ ಭಯ ಮಾತ್ರ ಮನೆಮನೆಯನ್ನೂ ಹೊಕ್ಕಿತ್ತು. ಹಲವು ರಾತ್ರಿ ಎಲ್ಲರೂ ಬಯಲಿನಲ್ಲೇ ಮಲಗಿದೆವು.

ಆ ವಾರ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಸರ್, ಇದು ಯಾವಾಗ ನಿಲ್ತದ್ರೀ?" ಎಂದು ಕೇಳಿದ. "ದೊಡ್ಡದು ಆಗಿಹೋಯಿತು. ಇನ್ನು ಬರುವುದೆಲ್ಲ ಸಣ್ಣದು. ಧೈರ್ಯವಾಗಿ ಮನೆಯೊಳಗೆ ಮಲಗಿರಿ" ಎಂದುಬಿಟ್ಟೆ. ದೈವವಶಾತ್ ಯಾವ ಅನಾಹುತವೂ ಆಗಲಿಲ್ಲ. ಆದರೆ ನಾನು ಹೇಳಿದ್ದು ತಿಳಿದು ಹೇಳಿದ ಮಾತಾಗಿರಲಿಲ್ಲ. ನಿವೃತ್ತಿಯ ನಂತರ ಈ ವಿಷಯವನ್ನು ಓದುತ್ತಾ ಹೋದಂತೆ ಆ ಹುಡುಗನಿಗೆ ಸರಿಯಾದ ಉತ್ತರವೊಂದನ್ನು ಬಾಕಿ ಉಳಿಸಿಕೊಂಡಿದ್ದೇನೆ ಎನಿಸಿತು. ಈ ಬರಹ ಆ ಬಾಕಿಯ ಸಂದಾಯ.

ಕಥೆ ಆರಂಭವಾಗುವುದು ಜಪಾನಿನಲ್ಲಿ. 1891ರ ಅಕ್ಟೋಬರ್ 28ರ ಬೆಳಗ್ಗೆ ಗಿಫು ಮತ್ತು ನಗೋಯಾ ನಗರಗಳ ಸುತ್ತಣ ಬಯಲನ್ನು ಮಹಾಕಂಪನವೊಂದು ಅಲ್ಲಾಡಿಸಿತು. 7,000ಕ್ಕೂ ಹೆಚ್ಚು ಜನ ಮಡಿದರು. ನಿಯೋ ಕಣಿವೆಯಲ್ಲಿ ನೆಲ ಬಿರಿದು, ಒಂದೆಡೆ ಸುಮಾರು 6 ಮೀಟರ್ ಎತ್ತರದ ದಿಬ್ಬವೇ ಎದ್ದಿತು. ಮರುವರ್ಷ ಜಪಾನ್ ಸರ್ಕಾರ ಭೂಕಂಪ ತನಿಖಾ ಸಮಿತಿಯನ್ನು ರಚಿಸಿತು. ಆ ಕಾಲದಲ್ಲಿ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಫುಸಾಕಿಚಿ ಒಮೋರಿ ಎಂಬ ತರುಣನಿದ್ದನು. 1868ರಲ್ಲಿ ಹುಟ್ಟಿದ ಆತ, ಇಂಗ್ಲೆಂಡಿನಿಂದ ಬಂದು ಜಪಾನಿನಲ್ಲಿ ಭೂಕಂಪಶಾಸ್ತ್ರಕ್ಕೆ ತಳಹದಿ ಹಾಕಿದ ಜಾನ್ ಮಿಲ್ನ್ ಅವರ ಪ್ರಭಾವದಲ್ಲಿ ಬೆಳೆದವನು.

ದೊಡ್ಡ ಕಂಪನದ ಕಾರಣವನ್ನು ಇತರರು ಹುಡುಕುತ್ತಿದ್ದಾಗ ಒಮೋರಿ ಅದರ ಹಿಂದೆ ಬಂದ ಮರುಕಂಪನಗಳನ್ನು ಎಣಿಸತೊಡಗಿದನು. ಗಿಫು ಒಂದರಲ್ಲೇ ಎರಡು ವರ್ಷಗಳಿಗೆ ತುಸು ಹೆಚ್ಚಿನ ಅವಧಿಯಲ್ಲಿ 3,300ಕ್ಕೂ ಮಿಕ್ಕಿ ಮರುಕಂಪನಗಳು ದಾಖಲಾಗಿದ್ದವು. ಅವುಗಳನ್ನು ದಿನವಾರು ಜೋಡಿಸಿ ನೋಡಿದಾಗ, ಗೊಂದಲದಂತೆ ಕಂಡದ್ದರೊಳಗೆ ಸರಳವಾದ ನಿಯಮವೊಂದು ಗೋಚರಿಸಿತು: ಮರುಕಂಪನಗಳ ಸಂಖ್ಯೆ ಕಳೆದ ಕಾಲಕ್ಕೆ ವಿಲೋಮಾನುಪಾತದಲ್ಲಿ ಇಳಿಯುತ್ತದೆ. 1894ರಲ್ಲಿ ಆತ ಇದನ್ನು ಪ್ರಕಟಿಸಿದನು.

ವಿಲೋಮಾನುಪಾತವೆಂದರೆ ನನ್ನ ವಿದ್ಯಾರ್ಥಿಗಳಿಗೆ ನೆನಪಿರಬೇಕು! ಉದಾಹರಣೆಗೆ ಮೊದಲ ದಿನ 200 ಮರುಕಂಪನಗಳಾದವೆಂದುಕೊಳ್ಳಿ. ಎರಡನೆಯ ದಿನ 100, ಹತ್ತನೆಯ ದಿನ 20, ನೂರನೆಯ ದಿನ 2. ಇದೇ ಸಂಖ್ಯೆ ದಿನದಿನಕ್ಕೆ ಅರ್ಧವಾಗುತ್ತಾ ಹೋಗಿದ್ದರೆ ಹತ್ತು ದಿನಗಳೊಳಗೆ ಎಲ್ಲವೂ ಶಾಂತವಾಗುತ್ತಿತ್ತು. ಒಮೋರಿಯ ಲೆಕ್ಕದಲ್ಲಿ ಹಾಗಿಲ್ಲ. ಒಂದರಿಂದ ಹತ್ತನೆಯ ದಿನದವರೆಗೆ ಎಷ್ಟು ಬರುತ್ತವೆಯೋ, ಹತ್ತರಿಂದ ನೂರರವರೆಗೂ ಹೆಚ್ಚುಕಡಿಮೆ ಅಷ್ಟೇ ಬರುತ್ತವೆ. ನೂರರಿಂದ ಸಾವಿರದವರೆಗೂ ಅಷ್ಟೇ. ಆರಂಭದಲ್ಲಿ ಬೇಗನೆ ಇಳಿಯುತ್ತದೆ, ಆಮೇಲೆ ಬಾಲ ಬಹಳ ಉದ್ದ. 1961ರಲ್ಲಿ ಟೊಕುಜಿ ಉತ್ಸು ಈ ಸೂತ್ರವನ್ನು ಪರಿಷ್ಕರಿಸಿ, ಇಳಿಕೆಯ ವೇಗ ಒಂದೊಂದು ಭೂಕಂಪಕ್ಕೆ ಒಂದೊಂದು ಬಗೆಯಾಗಿರಬಹುದೆಂದು ತೋರಿಸಿದರು. ಗಿಫುವಿನ ಮರುಕಂಪನಗಳ ಸರಣಿ ನೂರು ವರ್ಷಗಳ ನಂತರವೂ ಈ ನಿಯಮಕ್ಕೆ ಹೊಂದಿಕೊಂಡೇ ಸಾಗಿತ್ತೆಂಬುದು ಬೆರಗಿನ ಸಂಗತಿ.

ಇಲ್ಲಿ ಒಂದು ಸೂಕ್ಷ್ಮವಿದೆ; ನಾನು ತಪ್ಪಿದ್ದು ಅಲ್ಲಿಯೇ. ಕಾಲ ಕಳೆದಂತೆ ಇಳಿಯುವುದು ಮರುಕಂಪನಗಳ ಸಂಖ್ಯೆ, ಅವುಗಳ ಬಲವಲ್ಲ. ದೊಡ್ಡವು ಕಡಿಮೆ, ಸಣ್ಣವು ಹೆಚ್ಚು ಎಂಬ ಪ್ರಮಾಣ ಮೊದಲ ದಿನವೂ ಒಂದೇ, ನೂರನೆಯ ದಿನವೂ ಒಂದೇ. ಆದ್ದರಿಂದ ದೊಡ್ಡ ಮರುಕಂಪನದ ಸಂಭವ ಕುಗ್ಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಬಳಿ 2010ರ ಸೆಪ್ಟೆಂಬರಿನಲ್ಲಿ 7.1 ತೀವ್ರತೆಯ ಕಂಪನವಾದಾಗ ಕಟ್ಟಡ ಕುಸಿದು ಸತ್ತವರಿರಲಿಲ್ಲ. ಐದು ತಿಂಗಳು ಕಳೆದ ಮೇಲೆ, 2011ರ ಫೆಬ್ರವರಿ 22ರಂದು, ಅದಕ್ಕಿಂತ ಕಡಿಮೆ ತೀವ್ರತೆಯ ಮರುಕಂಪನ ನಗರದ ಬುಡದಲ್ಲೇ ಸಂಭವಿಸಿ 185 ಜನರನ್ನು ಬಲಿ ತೆಗೆದುಕೊಂಡಿತು.

ಇನ್ನು "ದೊಡ್ಡದು ಆಗಿಹೋಯಿತು" ಎಂಬ ಮಾತು. ಅದು ಆಗಿಹೋಯಿತೆಂದು ತಿಳಿಯುವುದು ಹೇಗೆ? 2016ರ ಏಪ್ರಿಲ್ 14ರ ರಾತ್ರಿ ಜಪಾನಿನ ಕುಮಾಮೊಟೊದಲ್ಲಿ 6.5 ತೀವ್ರತೆಯ ಕಂಪನವಾಯಿತು. ಅದೇ ಮುಖ್ಯವಾದುದೆಂದು ಬಗೆದು ಕೆಲವರು ಮನೆಗೆ ಮರಳಿದರು. ಸುಮಾರು 28 ಗಂಟೆಗಳ ನಂತರ 7.3 ತೀವ್ರತೆಯ ಕಂಪನ ಬಂದಿತು. ಎರಡೂ ಕಂಪನಗಳಿಂದ ನೇರವಾಗಿ ಸತ್ತ 50 ಮಂದಿಯಲ್ಲಿ ಬಹುಪಾಲು ಜನ ಎರಡನೆಯದಕ್ಕೆ ತುತ್ತಾದವರು. ಆ ಬಳಿಕ ಜಪಾನಿನ ಹವಾಮಾನ ಸಂಸ್ಥೆ ತನ್ನ ಎಚ್ಚರಿಕೆಗಳಲ್ಲಿ 'ಮರುಕಂಪನ' ಎಂಬ ಪದವನ್ನೇ ಬಿಟ್ಟು, ಅಷ್ಟೇ ಬಲದ ಕಂಪನ ಮತ್ತೆ ಬರಬಹುದೆಂದು ಹೇಳುವ ಕ್ರಮವನ್ನು ಅನುಸರಿಸಿತು.

1988ರಲ್ಲೇ ಯೊಸಿಹಿಕೊ ಒಗಾತಾ ಎಂಬ ಸಂಖ್ಯಾಶಾಸ್ತ್ರಜ್ಞರು ರೂಪಿಸಿದ್ದ ಮಾದರಿಯೂ ಇದನ್ನೇ ಹೇಳುತ್ತದೆ. ಅದರಲ್ಲಿ ಮುಖ್ಯ ಕಂಪನ, ಮರುಕಂಪನ ಎಂಬ ಜಾತಿಭೇದವಿಲ್ಲ. ಪ್ರತಿಯೊಂದು ಕಂಪನವೂ ತನ್ನದೇ ಸಂತತಿಯನ್ನು ಹುಟ್ಟಿಸಬಲ್ಲದು. ಆ ಸಂತತಿ ಮತ್ತೆ ತನ್ನ ಸಂತತಿಯನ್ನು. ದೊಡ್ಡದಕ್ಕೆ ಮಕ್ಕಳು ಹೆಚ್ಚು, ಸಣ್ಣದಕ್ಕೆ ಕಡಿಮೆ. ಎಲ್ಲವೂ ಒಮೋರಿಯ ಲೆಕ್ಕದಂತೆ ಇಳಿಯುತ್ತವೆ. ಅಪರೂಪಕ್ಕೊಮ್ಮೆ ಮಗು ತಾಯಿಗಿಂತ ದೊಡ್ಡದಾಗುವುದೂ ಉಂಟು. ಇಂದು ವಿಜ್ಞಾನಿಗಳು ಇಂತಹ ಮಾದರಿಗಳಿಂದ ಮುಂದಿನ ವಾರದಲ್ಲಿ ಇಂತಿಷ್ಟು ಸಂಭವವೆಂದು ಹೇಳಬಲ್ಲರು. ಇಂಥ ದಿನವೆಂದು ಹೇಳಲಾರರು.

ಒಮೋರಿಯ ಅಂತ್ಯವನ್ನು ಹೇಳದೆ ಈ ಕಥೆ ಮುಗಿಯದು. ಟೋಕಿಯೋಗೆ ಮಹಾಕಂಪನದ ಅಪಾಯವಿದೆಯೆಂದೂ ಬೆಂಕಿಯಿಂದ ಲಕ್ಷ ಜನ ಸಾಯಬಹುದೆಂದೂ 1905ರಲ್ಲಿ ಅವರ ಸಹೋದ್ಯೋಗಿ ಅಕಿತ್ಸುನೆ ಇಮಾಮುರಾ ಬರೆದಾಗ ಜನ ಕಂಗೆಟ್ಟರು. ಅವರನ್ನು ಸಮಾಧಾನಪಡಿಸಲು ಒಮೋರಿ ಆ ಮಾತನ್ನು ಬಹಿರಂಗವಾಗಿ ಅಲ್ಲಗಳೆದರು. 1923ರ ಸೆಪ್ಟೆಂಬರ್ 1ರಂದು ಒಮೋರಿ ಆಸ್ಟ್ರೇಲಿಯಾದ ಸಿಡ್ನಿಯ ವೀಕ್ಷಣಾಲಯವೊಂದರಲ್ಲಿದ್ದರು. ಅವರ ಕಣ್ಣೆದುರೇ ಕಂಪನಮಾಪಕದ ಮುಳ್ಳು ಅಲ್ಲಾಡಿತು. ಅದು ಟೋಕಿಯೋ ಸೀಮೆಯ ಮಹಾಕಂಪನ. ಕಂಪನಕ್ಕೂ ಬೆಂಕಿಗೂ ಲಕ್ಷಕ್ಕೂ ಹೆಚ್ಚು ಜನ ಬಲಿಯಾದರು. ಅಸ್ವಸ್ಥರಾಗಿ ತಾಯ್ನಾಡಿಗೆ ಮರಳಿದ ಒಮೋರಿ ಅದೇ ನವೆಂಬರಿನಲ್ಲಿ ತೀರಿಕೊಂಡರು.

ಅಷ್ಟು ದೊಡ್ಡವರನ್ನು ನನ್ನೊಂದಿಗೆ ಹೋಲಿಸುವ ಉದ್ಧಟತನ ನನಗಿಲ್ಲ. ಆದರೆ ಹೆದರಿದವರಿಗೆ ಸಮಾಧಾನ ಹೇಳುವ ಆತುರದಲ್ಲಿ ತಿಳಿಯದುದನ್ನು ತಿಳಿದಂತೆ ಹೇಳುವ ದೌರ್ಬಲ್ಯ ಎಲ್ಲರಲ್ಲೂ ಇದೆಯೆಂದು ಕಾಣುತ್ತದೆ. ಅಂದು ನಾನು ಹೇಳಬೇಕಾಗಿದ್ದುದು ಇಷ್ಟೇ: "ಮಗು, ಇದು ದಿನೇ ದಿನೇ ಕಡಿಮೆಯಾಗುತ್ತದೆ, ಆದರೆ ಬೇಗನೆ ಪೂರ್ತಿ ನಿಲ್ಲುವುದಿಲ್ಲ. ಬಿರುಕು ಬಿಟ್ಟ ಗೋಡೆಯ ಪಕ್ಕದಲ್ಲಿ ಮಲಗಬೇಡಿ. ಅದನ್ನು ಸರಿಪಡಿಸುವವರೆಗೆ ಬಯಲೇ ಲೇಸು."

ಆ ತರಗತಿಯಲ್ಲಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ಪ್ರಶ್ನೆ ಕೇಳಿದ ಹುಡುಗನಿಗೆ ಈ ಉತ್ತರವನ್ನು ದಯವಿಟ್ಟು ತಲುಪಿಸಿ.