ಗದ್ದೆ ನೀರನ್ನು ಶೋಧಿಸುತ್ತದೆಯೇ? ಭದ್ರಾ ಅಚ್ಚುಕಟ್ಟಿನ ರಂಜಕ ಮತ್ತು ತುಂಗಭದ್ರಾ ಜಲಾಶಯ

ಭತ್ತದ ಗದ್ದೆ ನೀರನ್ನು ಕೆಡಿಸುವುದಕ್ಕಿಂತ ಶುದ್ಧಗೊಳಿಸುವುದೇ ಹೆಚ್ಚು ಎಂಬ ವಾದ ಜಪಾನಿನ ಮಣ್ಣು ವಿಜ್ಞಾನಿಗಳಲ್ಲಿ ಬಹುಕಾಲದಿಂದ ಇದೆ. ಸಾರಜನಕದ ಮಟ್ಟಿಗೆ ಅದಕ್ಕೆ ಗಟ್ಟಿ ಆಧಾರವೂ ಉಂಟು. ನೀರು ನಿಂತ ಕೆಸರಿನ ಮೇಲ್ಪದರದಲ್ಲಿ ಆಮ್ಲಜನಕವಿದ್ದು, ಕೆಲವೇ ಮಿಲಿಮೀಟರ್ ಕೆಳಗೆ ಅದು ಇಲ್ಲವಾಗುತ್ತದೆ. ಮೇಲೆ ಹುಟ್ಟಿದ ನೈಟ್ರೇಟು ಕೆಳಗಿಳಿದು ಅನಿಲವಾಗಿ ಗಾಳಿ ಸೇರುತ್ತದೆ. ಯೂರಿಯಾದಲ್ಲಿರುವ ಶೇ. 46ರಷ್ಟು ಸಾರಜನಕದಲ್ಲಿ ಬೆಳೆಗೆ ದಕ್ಕದೆ ಹೋಗುವ ಪಾಲಿನ ಬಹುಭಾಗ ಹೀಗೆ, ಇಲ್ಲವೇ ಅಮೋನಿಯಾ ರೂಪದಲ್ಲಿ, ಗಾಳಿಪಾಲಾಗುತ್ತದೆ.

ನನ್ನ ತಕರಾರು ಇರುವುದು ಈ ತೀರ್ಮಾನವನ್ನು ರಂಜಕಕ್ಕೂ ಹಿಗ್ಗಿಸುವುದರಲ್ಲಿ. ರಂಜಕಕ್ಕೆ ಗಾಳಿಯ ದಾರಿಯಿಲ್ಲ. ಅದು ಬೆಳೆಗೆ ಸೇರಬೇಕು, ಮಣ್ಣಿನಲ್ಲಿ ಉಳಿಯಬೇಕು, ಇಲ್ಲವೇ ನೀರಿನೊಡನೆ ಹೊರಡಬೇಕು. ರಂಜಕವಿರುವ ಡಿಎಪಿ ಗೊಬ್ಬರವನ್ನು ರೈತರು ಅಡಿಗೊಬ್ಬರವಾಗಿ ಕೊಡುವುದು ಕೆಸರು ಮಾಡುವ ಹೊತ್ತಿನಲ್ಲಿ. ಗದ್ದೆಯಲ್ಲಿ ನೀರು ನಿಂತಂತೆ ಕಬ್ಬಿಣಕ್ಕೆ ಅಂಟಿದ್ದ ರಂಜಕವೂ ಬಿಡಿಸಿಕೊಂಡು ಕರಗತೊಡಗುತ್ತದೆ. ಅಷ್ಟರಲ್ಲಿ ನಾಟಿಗೆ ಅನುಕೂಲವಾಗಲೆಂದು ಬದುವಿನ ಕಂಡಿ ತೆರೆದು ನೀರು ತಗ್ಗಿಸುತ್ತಾರೆ. ಕರಗಿದ ರಂಜಕವೂ ಕದಡಿದ ಮಣ್ಣಿಗೆ ಅಂಟಿದ ರಂಜಕವೂ ಒಟ್ಟಿಗೇ ಬಸಿಗಾಲುವೆಗೆ ಇಳಿಯುತ್ತವೆ. ವರ್ಷದ ಸರಾಸರಿ ಲೆಕ್ಕದಲ್ಲಿ ಈ ಕೆಲವೇ ದಿನಗಳು ಕಾಣದೆ ಹೋಗುತ್ತವೆ.

ಇದು ಮುಟ್ಟುವುದು ಎಲ್ಲಿಗೆ? ತುಂಗಭದ್ರಾ ಜಲಾಶಯದ ನೀರು ಇತ್ತೀಚಿನ ವರ್ಷಗಳಲ್ಲಿ ಹಲವು ಬಾರಿ ಪಾಚಿ ಬೆಳೆದು ಹಸಿರುಗಟ್ಟಿದೆ. ಭತ್ತದ ಗೊಬ್ಬರ ಎಂದೊಡನೆ ಗಂಗಾವತಿ, ಸಿಂಧನೂರುಗಳು ನೆನಪಾಗುತ್ತವೆ. ಆದರೆ ಆ ಗದ್ದೆಗಳ ಬಸಿನೀರು ನದಿ ಸೇರುವುದು ಅಣೆಕಟ್ಟೆಯ ಕೆಳಗೆ. ಜಲಾಶಯಕ್ಕೆ ಬರಬಹುದಾದದ್ದು ಮೇಲಿನ ಭದ್ರಾ ಅಚ್ಚುಕಟ್ಟಿನ, ಅಂದರೆ ಹೊನ್ನಾಳಿ, ಹರಿಹರ, ದಾವಣಗೆರೆ ಭಾಗದ ನೀರು. ಅದರಲ್ಲೂ ಬೇಸಿಗೆ ಬೆಳೆಯ ಕೆಸರು ನೀರು ಮಳೆಗಾಲದ್ದಕ್ಕಿಂತ ಹೆಚ್ಚು ಭಾರವಾಗಿರಬಹುದೆಂದು ನಾನು ಊಹಿಸುತ್ತೇನೆ. ಮಳೆಗಾಲದ ನಾಟಿಯ ಹೊತ್ತಿಗೆ ತುಂಬಿ ಹರಿಯುವ ನದಿ ಅದನ್ನು ತೆಳುವಾಗಿಸುತ್ತದೆ. ಬೇಸಿಗೆಯ ಸೊರಗಿದ ಹರಿವಿಗೆ ಆ ಶಕ್ತಿಯಿಲ್ಲ.

ಈ ಊಹೆಗೆ ಮಿತಿಗಳಿವೆ, ಅವು ಸಣ್ಣವಲ್ಲ. ಶಿವಮೊಗ್ಗ, ಭದ್ರಾವತಿ, ದಾವಣಗೆರೆ, ಹರಿಹರಗಳ ಚರಂಡಿ ನೀರಿನಲ್ಲೂ ರಂಜಕವಿದೆ, ಅದು ವರ್ಷವಿಡೀ ಹರಿಯುತ್ತದೆ. ಬಸಿನೀರಿನ ಹೂಳು ದಾರಿಯ ಕೆರೆ, ಹಳ್ಳಗಳಲ್ಲೇ ಕೂರಬಹುದು. ನೀರು ಹಸಿರಾದ ತಿಂಗಳನ್ನು ಹಿಡಿದು ರಂಜಕದ ಮೂಲ ಹೇಳುವುದೂ ಆಗದು: ತಳದ ಹೂಳಿನಲ್ಲಿ ಕುಳಿತ ರಂಜಕ ಆಮ್ಲಜನಕ ಕುಗ್ಗಿದಾಗ, ಎಷ್ಟೋ ತಿಂಗಳ ಬಳಿಕವೂ, ನೀರಿಗೆ ಮರಳುತ್ತದೆ. ಆದರೂ ಸಾರಜನಕವೊಂದನ್ನೇ ನೋಡಿ ಗದ್ದೆಯನ್ನು ದೋಷಮುಕ್ತಗೊಳಿಸುವುದು ಸರಿಯಲ್ಲ. ಕೆಲವು ನೀಲಿ-ಹಸಿರು ಪಾಚಿಗಳು ಗಾಳಿಯ ಸಾರಜನಕವನ್ನೇ ಬಳಸಿಕೊಳ್ಳಬಲ್ಲವು. ಅವುಗಳ ಬೆಳವಣಿಗೆಗೆ ಕಡಿವಾಣ ಹಾಕುವುದು ಹೆಚ್ಚಾಗಿ ರಂಜಕದ ಕೊರತೆಯೇ.

ಗದ್ದೆಯ ಪಾಲೆಷ್ಟು, ಚರಂಡಿಯ ಪಾಲೆಷ್ಟು ಎಂಬುದು ಈ ವಾದದಿಂದ ತೀರ್ಮಾನವಾಗುವುದಿಲ್ಲ. ಅಚ್ಚುಕಟ್ಟಿನ ನಡುವೆ ಹರಿದು ಹರಿಹರದಲ್ಲಿ ನದಿ ಸೇರುವ ಸೂಳೆಕೆರೆ ಹಳ್ಳದ ನೀರನ್ನು ಪಟ್ಟಣ ಮುಟ್ಟುವ ಮುನ್ನವೇ, ಎರಡೂ ಹಂಗಾಮಿನ ನಾಟಿಯ ವಾರಗಳಲ್ಲಿ ದಿನವೂ ಪರೀಕ್ಷಿಸಿದರೆ ಗದ್ದೆಯ ಪಾಲನ್ನು ಬೇರ್ಪಡಿಸಿ ನೋಡುವುದಕ್ಕೆ ಮೊದಲ ಆಧಾರ ಸಿಕ್ಕೀತು. ತಿಂಗಳಿಗೊಮ್ಮೆ ತುಂಬಿದ ಸೀಸೆ ಆ ದಿನಗಳನ್ನು ಹಿಡಿಯಲಾರದು.