ಬೋನಿಗೆ ಬಿದ್ದದ್ದು ಅದೇ ಚಿರತೆಯೇ? ಮಚ್ಚೆ ನೋಡಿ ಗುರುತು ಹಿಡಿಯುವ ಕಂಪ್ಯೂಟರ್

ರಾಮನಗರ, ಮಾಗಡಿ, ಕನಕಪುರ, ಚನ್ನಪಟ್ಟಣದ ಬಂಡೆಬೆಟ್ಟಗಳ ಸುತ್ತ ಚಿರತೆ ಹೊಸದಲ್ಲ. 2020ರ ಮೇ ತಿಂಗಳಲ್ಲಿ ಮಾಗಡಿ ತಾಲ್ಲೂಕಿನಲ್ಲಿ ಮಗುವೊಂದು ಚಿರತೆಗೆ ಬಲಿಯಾಯಿತು. ಆಮೇಲೆ ಹಲವು ಚಿರತೆಗಳು ಸೆರೆಯಾದವು. ಇಂಥ ಸಂದರ್ಭದಲ್ಲೆಲ್ಲ ಏಳುವ ಪ್ರಶ್ನೆ ಒಂದೇ: ಸಿಕ್ಕಿದ್ದು ಊರಿಗೆ ಬರುತ್ತಿದ್ದ ಚಿರತೆಯೋ, ಬೇರೆಯದೋ?

ಎಲ್ಲ ಚಿರತೆಗಳೂ ಒಂದೇ ಥರವೇ?

ಅಲ್ಲ. ನಮ್ಮ ಬೆರಳಚ್ಚಿನಂತೆ ಪ್ರತಿ ಚಿರತೆಯ ಮಚ್ಚೆಗಳ ಜೋಡಣೆಯೂ ಬೇರೆ. ಒಂದೇ ಚಿರತೆಯ ಎಡಮೈ ಮತ್ತು ಬಲಮೈ ಕೂಡ ಹೊಂದುವುದಿಲ್ಲ. ಅದಕ್ಕೇ ಸಂಶೋಧಕರು ಕಾಡುದಾರಿಯ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮೆರಾ ಕಟ್ಟುತ್ತಾರೆ. ಪ್ರಾಣಿ ಹಾದುಹೋದರೆ ಕ್ಯಾಮೆರಾದ ಸೆನ್ಸರ್ ಮೈಶಾಖ ಮತ್ತು ಚಲನೆಯನ್ನು ಗ್ರಹಿಸಿ ಫೋಟೊ ತೆಗೆಯುತ್ತದೆ.

ಕಂಪ್ಯೂಟರ್ ಮಾಡುವುದೇನು?

ನಡೆಯುವಾಗ ಚಿರತೆಯ ಮೈ ಬಳುಕುತ್ತದೆ, ಮಚ್ಚೆಗಳು ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗಿದಂತೆ ಕಾಣುತ್ತವೆ. ಈ ತೊಡಕು ಬಿಡಿಸಲು ಕೆಲವು ತಂತ್ರಾಂಶಗಳು ಫೋಟೊದಲ್ಲಿನ ಮೈಯನ್ನು ಮೂರು ಆಯಾಮದ ಗೊಂಬೆಯ ಮೇಲೆ ಹೊದಿಸಿ, ಗುರುತುಗಳನ್ನು ಸಮನಾಗಿಸಿ ಹೋಲಿಸುತ್ತವೆ. ಲೆಕ್ಸ್ ಹೈಬಿ, ಉಲ್ಲಾಸ ಕಾರಂತ ಮತ್ತು ಸಂಗಡಿಗರು 2009ರಲ್ಲಿ 'ಬಯಾಲಜಿ ಲೆಟರ್ಸ್' ಪತ್ರಿಕೆಯಲ್ಲಿ ಈ ವಿಧಾನವನ್ನು ಹುಲಿಯ ಪಟ್ಟೆಗಳ ಮೇಲೆ ಪ್ರಯೋಗಿಸಿ ತೋರಿಸಿದರು. ಜೀವಂತ ಹುಲಿಯ ಹಳೆಯ ಫೋಟೊ ಜೊತೆ ಬೇಟೆಗಾರರಿಂದ ವಶಪಡಿಸಿಕೊಂಡ ಚರ್ಮವನ್ನೂ ತಾಳೆ ನೋಡಬಹುದಿತ್ತು.

ಆದರೆ ತೀರ್ಪು ಕಂಪ್ಯೂಟರಿನದಲ್ಲ. ಸಾವಿರಾರು ಫೋಟೊಗಳಲ್ಲಿ ಹೆಚ್ಚು ಹೋಲುವ ಕೆಲವನ್ನು ಅದು ಮುಂದಿಡುತ್ತದೆ. 'ಹೌದು, ಇದೇ' ಎನ್ನುವುದು ಮನುಷ್ಯನ ಕಣ್ಣು.

ಇದರಿಂದ ಏನು ತಿಳಿಯುತ್ತದೆ?

ಮೊದಲನೆಯದು, ಲೆಕ್ಕ. ನಾಲ್ಕು ಕಡೆ ಕಂಡರೆ ನಾಲ್ಕು ಚಿರತೆ ಎಂದಲ್ಲ. ಒಂದೇ ಚಿರತೆ ನಾಲ್ಕು ಕಡೆ ಓಡಾಡಿರಬಹುದು. ಸಂಜಯ್ ಗುಬ್ಬಿ ಅವರ ತಂಡ ಕರ್ನಾಟಕದ ಕಾಡುಗಳಲ್ಲಿ ಹೀಗೆ ಮಚ್ಚೆಗಳಿಂದಲೇ ಚಿರತೆಗಳನ್ನು ಗುರುತಿಸಿ ಅಂದಾಜು ಮಾಡಿದೆ. ಎರಡನೆಯದು, ಓಡಾಟ. ಒಂದೆಡೆ ಹಿಡಿದು ಬೇರೆಡೆ ಬಿಟ್ಟ ಚಿರತೆ ಮತ್ತೆ ಎಲ್ಲಿ ಕಾಣಿಸಿತೆಂದು ತಿಳಿಯಬಹುದು.

ತಿಳಿಯದಿರುವುದು?

ಮಚ್ಚೆ ಯಾವ ಚಿರತೆ ಎಂದು ಹೇಳುತ್ತದೆ, ದಾಳಿ ಮಾಡಿದ್ದು ಯಾವುದೆಂದು ಹೇಳುವುದಿಲ್ಲ. ಊರಬಳಿಯ ಕ್ಯಾಮೆರಾದಲ್ಲಿ ಮೊದಲೇ ಫೋಟೊ ಸಿಕ್ಕಿರದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಮಸುಕಾದ ಮೊಬೈಲ್ ವಿಡಿಯೊ ಸಾಲದು.

ಆದ್ದರಿಂದ ಬೋನಿಗೆ ಚಿರತೆ ಬಿತ್ತೆಂದು ಎಚ್ಚರ ತಪ್ಪುವುದು ಬೇಡ. ಒಂದು ಹೋದ ಜಾಗಕ್ಕೆ ಇನ್ನೊಂದು ಬರಬಹುದು. ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡದಿರುವುದು, ಕುರಿ-ಮೇಕೆಗಳನ್ನು ಭದ್ರವಾದ ಕೊಟ್ಟಿಗೆಯಲ್ಲಿ ಕೂಡುವುದು ಆಗಲೂ ಬೇಕೇ ಬೇಕು.