ಸೇವೆ ಮಾಡುವವರಿಗೂ ಬೇಕು ಆಸರೆ: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಓರಗೆಯವರ ಬಳಗ

ಊರಿನವರು ಹೊಸ್ತಿಲೊಳಗೆ ಕರೆಯಲು ಹಿಂಜರಿಯುವ ಕೇರಿಯಿಂದ ಬಂದ ಹೆಣ್ಣುಮಗಳೊಬ್ಬಳು ಅದೇ ಊರಿನ ಆರೋಗ್ಯ ಕಾರ್ಯಕರ್ತೆಯಾದರೆ, ಆಕೆಯ ಕಷ್ಟಸುಖ ಕೇಳುವವರು ಯಾರು? ಆಸ್ಪತ್ರೆಯ ವರದಿ ಪುಸ್ತಕಗಳಲ್ಲಿ ಈ ಪ್ರಶ್ನೆಗೆ ಕಲಮು ಇಲ್ಲ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ಸೀಮೆಯಲ್ಲಿ ಇದಕ್ಕೆ ಉತ್ತರ ಮೊದಲು ದೊರೆತದ್ದು ಸರ್ಕಾರಿ ಆದೇಶದಿಂದಲ್ಲ. ಮಾಜಿ ದೇವದಾಸಿಯರು ತಮಗಾಗಿ ತಾವೇ ಕಟ್ಟಿಕೊಂಡ ಸಂಘಗಳಿಂದ.

ಈ ಸಂಘಗಳ ಪೈಕಿ ಪ್ರಮುಖವಾದುದು ಗೋಕಾಕ ತಾಲ್ಲೂಕಿನ ಘಟಪ್ರಭಾದಲ್ಲಿ ನೆಲೆಗೊಂಡಿರುವ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ. ಜನ ಇದನ್ನು ಚುಟುಕಾಗಿ ‘ಮಾಸ್’ ಎಂದು ಕರೆಯುತ್ತಾರೆ. 1997ರಲ್ಲಿ ರೂಪುಗೊಂಡ ಈ ಸಂಸ್ಥೆಯನ್ನು ಮುನ್ನಡೆಸಿದವರು ಮಾಜಿ ದೇವದಾಸಿಯರೇ. ಬಾಲ್ಯದಲ್ಲಿಯೇ ಮುತ್ತು ಕಟ್ಟಿಸಿಕೊಂಡು, ಮುಂದೆ ಆ ಪದ್ಧತಿಯ ವಿರುದ್ಧವೇ ನಿಂತ ಸೀತವ್ವ ಜೋಡಟ್ಟಿ ಅವರು ಇದರ ಮುಖ್ಯಸ್ಥೆಯಾಗಿ ದುಡಿದರು. ಅವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಾಗ ಈ ಭಾಗದ ಕೆಲಸ ರಾಜ್ಯದ ಉಳಿದೆಡೆಯವರ ಗಮನಕ್ಕೂ ಬಂದಿತು. ಹೆಚ್ಚಿನ ಓದುಗರಿಗೆ ಇದು ಸಮಾಜ ಸುಧಾರಣೆಯ ಕಥೆಯಾಗಿಯೇ ಪರಿಚಿತ. ಆದರೆ ಇದಕ್ಕೆ ಆರೋಗ್ಯ ಸೇವೆಯ ಇನ್ನೊಂದು ಮುಖವಿದೆ. ಅದರ ಚರ್ಚೆ ನಡೆದದ್ದು ಕಡಿಮೆ.

ಹಿನ್ನೆಲೆ

ದೇವದಾಸಿ ಪದ್ಧತಿಯ ಬಲೆಗೆ ಬಿದ್ದವರಲ್ಲಿ ಬಹುತೇಕರು ಪರಿಶಿಷ್ಟ ಜಾತಿಗಳಿಗೆ ಸೇರಿದವರು. ಸವದತ್ತಿಯ ಯಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುವ ಈ ಪದ್ಧತಿಯನ್ನು ಮುಂಬೈ ಪ್ರಾಂತದ 1934ರ ಕಾಯ್ದೆ ನಿಷೇಧಿಸಿತ್ತು. ಅಂದು ಬೆಳಗಾವಿಯೂ ಆ ಪ್ರಾಂತದಲ್ಲಿಯೇ ಇತ್ತು. ಬಳಿಕ ಕರ್ನಾಟಕ ವಿಧಾನಮಂಡಲ 1982ರಲ್ಲಿ ಪ್ರತ್ಯೇಕ ನಿಷೇಧ ಕಾಯ್ದೆಯನ್ನು ಅಂಗೀಕರಿಸಿತು. ಮುತ್ತು ಕಟ್ಟಿಸಿದವರಿಗೆ ಮೂರು ವರ್ಷದವರೆಗೆ, ಹೆತ್ತವರು ಅಥವಾ ಬಂಧುಗಳೇ ಹಾಗೆ ಮಾಡಿದಲ್ಲಿ ಐದು ವರ್ಷದವರೆಗೆ ಸೆರೆವಾಸ ವಿಧಿಸಲು ಅದರಲ್ಲಿ ಅವಕಾಶವಿತ್ತು. ಕಾಯ್ದೆ ಬಂದ ಮೇಲೆ ಪದ್ಧತಿ ಕುಗ್ಗಿತಾದರೂ ಕಣ್ಮರೆಯಾಗಲಿಲ್ಲ; ಬಯಲಿನಲ್ಲಿ ನಡೆಯುತ್ತಿದ್ದುದು ಮರೆಗೆ ಸರಿಯಿತು. 1993–94ರ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 22,873 ದೇವದಾಸಿಯರು ಪತ್ತೆಯಾದರು. 2007–08ರ ಮರುಸಮೀಕ್ಷೆಯಲ್ಲಿ ಇನ್ನೂ 23,787 ಮಂದಿ ಸೇರಿ ಒಟ್ಟು ಸಂಖ್ಯೆ 46,660ಕ್ಕೆ ಏರಿತು.

ಪುನರ್ವಸತಿ ಕಾರ್ಯವು 1990ರ ದಶಕದ ಆರಂಭದಲ್ಲಿ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ಮತ್ತು ಮೈರಾಡ ಸಂಸ್ಥೆಗಳ ಜಂಟಿ ಪ್ರಯತ್ನವಾಗಿ ಬೆಳಗಾವಿ ಜಿಲ್ಲೆಯಲ್ಲಿ ನಡೆಯಿತು. ಮೈರಾಡ ತನ್ನೊಂದಿಗೆ ತಂದ ಒಂದು ತಿಳಿವಳಿಕೆ ಇಲ್ಲಿ ಮುಖ್ಯವಾದುದು. ಸ್ವಸಹಾಯ ಗುಂಪನ್ನು ಹೊರಗಿನವರು ಪಟ್ಟಿ ಮಾಡಿ ಕಟ್ಟಲಾಗದು, ಮೊದಲೇ ಪರಸ್ಪರ ನಂಬಿಕೆ ಇರುವವರು ತಾವಾಗಿ ಕೂಡಿದರೆ ಮಾತ್ರ ಅದು ಉಳಿಯುತ್ತದೆ ಎಂಬುದನ್ನು ಆ ಸಂಸ್ಥೆ 1980ರ ದಶಕದಲ್ಲಿ ಕಂಡುಕೊಂಡಿತ್ತು. ದೇವದಾಸಿಯರ ನಡುವೆ ಅಂಥ ನಂಬಿಕೆ ಮೊದಲೇ ಇತ್ತು. ಒಂದೇ ಬಗೆಯ ಅವಮಾನ ಉಂಡವರಿಗೆ ಒಬ್ಬರಿಗೊಬ್ಬರು ಬಿಡಿಸಿ ಹೇಳಬೇಕಾದುದು ಕಡಿಮೆ. ಉಳಿತಾಯದ ಗುಂಪುಗಳು ಸಂಸ್ಥೆಯಾಗಿ ಬೆಳೆದದ್ದು ಈ ದಾರಿಯಲ್ಲಿ.

ಎಚ್‌ಐವಿ ಕಾಲದಲ್ಲಿ

ಸಂಘಗಳು ಆರೋಗ್ಯದ ಕೆಲಸಕ್ಕೆ ಇಳಿದದ್ದು ಬಹುಮಟ್ಟಿಗೆ ಎಚ್‌ಐವಿ ಒತ್ತಡದಿಂದ. ಈ ಭಾಗದ ಭೂಗೋಳವನ್ನು ಗಮನಿಸಿದರೆ ಕಾರಣ ತಿಳಿಯುತ್ತದೆ. ಪುಣೆ–ಬೆಂಗಳೂರು ಹೆದ್ದಾರಿ ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರ, ಯಮಕನಮರಡಿಗಳನ್ನು ಹಾದು ಹೋಗುತ್ತದೆ. ಘಟಪ್ರಭಾ ನಿಲ್ದಾಣ ಮೀರಜ ಕಡೆಗಿನ ರೈಲು ಮಾರ್ಗದಲ್ಲಿದೆ. ಮೂಡಲಗಿ, ಗೋಕಾಕಗಳ ಸುತ್ತ ಕಬ್ಬಿನ ಸೀಮೆ. ಕಟಾವಿನ ಹಂಗಾಮಿನಲ್ಲಿ ಬಂದುಹೋಗುವವರು ಬಹಳ. (ಮೂಡಲಗಿ ಆಗ ಗೋಕಾಕ ತಾಲ್ಲೂಕಿನ ಭಾಗವೇ ಆಗಿತ್ತು, ಪ್ರತ್ಯೇಕ ತಾಲ್ಲೂಕಾದದ್ದು 2018ರಲ್ಲಿ.) ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ 2007–12ರ ಹಂತದಲ್ಲಿ ಬೆಳಗಾವಿ ಜಿಲ್ಲೆಯನ್ನು ಸೋಂಕು ಹೆಚ್ಚಿರುವ ‘ಎ’ ವರ್ಗದಲ್ಲಿ ಸೇರಿಸಲಾಗಿತ್ತು.

ಸೋಂಕು ತಡೆಯುವ ಕೆಲಸಕ್ಕೆ ಆ ಸಮುದಾಯದ ಹೆಣ್ಣುಮಕ್ಕಳನ್ನೇ ನೇಮಿಸುವ ಪದ್ಧತಿ ಕರ್ನಾಟಕದಲ್ಲಿ ಹುಟ್ಟಿದ್ದಲ್ಲ. ಕೋಲ್ಕತ್ತದ ಸೋನಾಗಾಛಿಯಲ್ಲಿ 1992ರಲ್ಲಿ ಡಾ. ಸ್ಮರಜಿತ್ ಜಾನಾ ಅವರು ಇದನ್ನು ಜಾರಿಗೆ ತಂದರು. ಅದೇ ವರ್ಷ ನಮ್ಮ ಗಡಿಯಾಚೆಯ ಸಾಂಗಲಿಯಲ್ಲಿ ‘ಸಂಗ್ರಾಮ’ ಸಂಸ್ಥೆ ಕೆಲಸ ಆರಂಭಿಸಿತು. ಅದರ ಒಡಲಿನಿಂದ 1996ರಲ್ಲಿ ‘ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್’ ಹುಟ್ಟಿತು. ಸಾಂಗಲಿಯ ಆ ಕೇರಿಗಳಲ್ಲಿ ಕನ್ನಡ ಸೀಮೆಯಿಂದ ಹೋದ ಹೆಣ್ಣುಮಕ್ಕಳು ಸಾಕಷ್ಟು ಸಂಖ್ಯೆಯಲ್ಲಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ಕರ್ನಾಟಕದಲ್ಲಿ ಈ ಪದ್ಧತಿ ವ್ಯಾಪಕವಾದದ್ದು ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಯೋಜನೆ ಮತ್ತು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ 2003ರಲ್ಲಿ ಕಾರ್ಯಾರಂಭ ಮಾಡಿದ ನಂತರ. ಮೈಸೂರಿನಲ್ಲಿ 2005ರಲ್ಲಿ ರೂಪುಗೊಂಡ ಆಶೋದಯ ಸಮಿತಿ ಇದೇ ಕಾಲದ ಇನ್ನೊಂದು ಉದಾಹರಣೆ.

ಈ ಕಾರ್ಯಕರ್ತೆಗೆ ಕಡತದಲ್ಲಿರುವ ಹೆಸರು ‘ಪಿಯರ್ ಎಜುಕೇಟರ್’. ಜನರ ಬಾಯಲ್ಲಿ ಬರೀ ‘ಪಿಯರ್’. ಅರ್ಥ ಓರಗೆಯವಳು ಎಂದಷ್ಟೇ. ರಾಷ್ಟ್ರೀಯ ಮಾನದಂಡದಂತೆ ಒಬ್ಬ ಪಿಯರ್‌ಗೆ ಸುಮಾರು 60 ಮಹಿಳೆಯರ ಹೊಣೆ. ಅವರನ್ನು ಭೇಟಿಯಾಗುವುದು, ಕಾಂಡೋಮ್ ತಲುಪಿಸುವುದು, ಮೂರು ತಿಂಗಳಿಗೊಮ್ಮೆ ಲೈಂಗಿಕ ರೋಗಗಳ ತಪಾಸಣೆಗೂ ಆರು ತಿಂಗಳಿಗೊಮ್ಮೆ ಎಚ್‌ಐವಿ ಪರೀಕ್ಷೆಗೂ ಕರೆದೊಯ್ಯುವುದು, ಸೋಂಕು ಕಂಡುಬಂದವರನ್ನು ಚಿಕಿತ್ಸಾ ಕೇಂದ್ರಕ್ಕೆ ಸೇರಿಸಿ ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು ಆಕೆಯ ಕೆಲಸ. ಉಚಿತ ಎಆರ್‌ಟಿ ಚಿಕಿತ್ಸೆ ದೇಶದಲ್ಲಿ ಆರಂಭವಾದದ್ದು 2004ರ ಏಪ್ರಿಲ್‌ನಲ್ಲಿ. ಅದಕ್ಕೂ ಮೊದಲು ಈ ಕೆಲಸ ಮಾಡಿದವರು ಔಷಧವಿಲ್ಲದೆ ಬರಿಗೈಯಲ್ಲಿ ಸಾವುಗಳನ್ನು ನೋಡಿದವರು.

ಬಳಗ ಮಾಡುವ ಕೆಲಸ

ಪಿಯರ್‌ನ ಬಲವೇ ಆಕೆಯ ದೌರ್ಬಲ್ಯವೂ ಹೌದು. ತನ್ನವಳೆಂಬ ಕಾರಣಕ್ಕೆ ಮನೆಯವರು ಆಕೆಗೆ ಬಾಗಿಲು ತೆರೆಯುತ್ತಾರೆ. ಅದೇ ಕಾರಣಕ್ಕೆ ಆಕೆ ಒಂದು ಮನೆಯೊಳಗೆ ಹೋಗಿ ಬಂದರೆ ಆ ಮನೆಯ ಮೇಲೆ ಊರ ಕಣ್ಣು ಬೀಳುತ್ತದೆ. ಅರವತ್ತು ಜನರ ಗುಟ್ಟುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡ ಆಕೆ ಅದನ್ನು ಗಂಡನಿಗೋ ತಾಯಿಗೋ ಹೇಳುವಂತಿಲ್ಲ. ಕೆಲವೊಮ್ಮೆ ಆಕೆಯದೇ ರಕ್ತ ಪರೀಕ್ಷೆಯ ಫಲಿತಾಂಶವೂ ಆ ಗುಟ್ಟುಗಳಲ್ಲಿ ಒಂದಾಗಿರುತ್ತದೆ. ನಗರದ ಆಸ್ಪತ್ರೆಯ ಆಪ್ತಸಮಾಲೋಚಕರಿಗೆ ಮೇಲಧಿಕಾರಿ, ರಜೆ, ಮುಚ್ಚಿದ ಬಾಗಿಲ ಕೋಣೆ ಇರುತ್ತವೆ. ಈಕೆಗೆ ಇವು ಯಾವುವೂ ಇಲ್ಲ; ಇರುವುದು ವಾರಕ್ಕೊಮ್ಮೆ ಅಥವಾ ತಿಂಗಳಿಗೊಮ್ಮೆ ಸೇರುವ ಸಂಘದ ಸಭೆ ಮಾತ್ರ.

ಹೊರನೋಟಕ್ಕೆ ಈ ಸಭೆ ಉಳಿತಾಯ, ಸಾಲ, ವರದಿಗಳ ಸಭೆ. ಭೇಟಿಯ ಲೆಕ್ಕ ಒಪ್ಪಿಸುವುದು ಮೊದಲು ಮುಗಿಯುತ್ತದೆ. ಓದುಬರಹ ಬಾರದವರಿಗಾಗಿ ಚಿತ್ರ, ಗುರುತುಗಳಿಂದಲೇ ತುಂಬುವ ಪಟ್ಟಿಗಳನ್ನು ಈ ಯೋಜನೆಗಳ ಕಾಲದಲ್ಲಿ ರೂಪಿಸಲಾಯಿತು. ಯಾರು ಯಾವ ಓಣಿಯಲ್ಲಿದ್ದಾರೆ, ಯಾರು ತಪಾಸಣೆಗೆ ಬಂದಿಲ್ಲ ಎಂಬುದನ್ನು ಅಕ್ಷರವಿಲ್ಲದೆಯೇ ನೆಲದ ಮೇಲೆ ನಕ್ಷೆ ಬರೆದು ತೋರಿಸಬಹುದಿತ್ತು. ಲೆಕ್ಕ ಮುಗಿದ ಮೇಲೆ ನಡೆಯುವ ಮಾತುಕತೆಯೇ ನಿಜವಾದ ಆಸರೆ. ಮಾತ್ರೆ ಬಿಟ್ಟ ಹೆಣ್ಣುಮಗಳನ್ನು ಹೇಗೆ ಒಲಿಸುವುದು, ಗಿರಾಕಿ ಅಥವಾ ಪೊಲೀಸರು ಕೈಮಾಡಿದರೆ ಯಾರನ್ನು ಕರೆಯುವುದು, ಹೆರಿಗೆ ಕೋಣೆಯಲ್ಲಿ ಮುಟ್ಟಲು ಹಿಂಜರಿದ ಸಿಬ್ಬಂದಿಗೆ ಏನು ಹೇಳುವುದು ಎಂಬುದನ್ನು ಪಠ್ಯಪುಸ್ತಕ ಕಲಿಸುವುದಿಲ್ಲ. ಹಿಂದೆ ಅದನ್ನು ಎದುರಿಸಿದ ಅಕ್ಕ ಕಲಿಸುತ್ತಾಳೆ.

ಇಂಥ ಸಂಘಗಳು ರೂಢಿಸಿಕೊಂಡ ಕೆಲವು ಕ್ರಮಗಳು ಸರಳವಾದರೂ ಫಲಕಾರಿ. ತಕರಾರು ಇರುವೆಡೆ ಒಬ್ಬಳೇ ಹೋಗುವುದಿಲ್ಲ, ಇಬ್ಬರು ಹೋಗುತ್ತಾರೆ. ಸಂಘದ ಹೆಸರು ಹೇಳಿಕೊಂಡು ನಾಲ್ವರು ನಿಂತರೆ ಆಸ್ಪತ್ರೆಯ ಸಾಲಿನಲ್ಲಾಗಲಿ ಠಾಣೆಯಲ್ಲಾಗಲಿ ದನಿ ಬದಲಾಗುತ್ತದೆ. ಒಬ್ಬಳು ಹಾಸಿಗೆ ಹಿಡಿದರೆ ಆಕೆಯ ಪಟ್ಟಿಯಲ್ಲಿರುವವರನ್ನು ಉಳಿದವರು ಹಂಚಿಕೊಳ್ಳುತ್ತಾರೆ. ಕಷ್ಟಕಾಲದಲ್ಲಿ ಸಾಹುಕಾರನ ಮನೆಗೆ ಹೋಗದಂತೆ ಉಳಿತಾಯದ ಹಣ ತಡೆಯುತ್ತದೆ. ಹಲ್ಲೆ, ಬಂಧನಗಳಾದಾಗ 24 ಗಂಟೆಯೊಳಗೆ ನೆರವಿಗೆ ಧಾವಿಸುವ ತಂಡಗಳನ್ನು ಆವಾಹನ್ ಕಾಲದಲ್ಲಿ ಜಿಲ್ಲೆ ಜಿಲ್ಲೆಗಳಲ್ಲಿ ಕಟ್ಟಲಾಯಿತು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಯಲ್ಲಮ್ಮನ ಜಾತ್ರೆಯಲ್ಲಿ ಹೊಸದಾಗಿ ಮುತ್ತು ಕಟ್ಟುವುದು ನಡೆಯದಂತೆ ಕಾವಲು ಕಾಯುವುದೂ ಸಂಘದವರದೇ ಕೆಲಸ. ಆರೋಗ್ಯ ಮತ್ತು ಸಮಾಜ ಸುಧಾರಣೆ ಎಂಬ ಇಲಾಖಾವಾರು ವಿಂಗಡಣೆ ಈ ಹೆಣ್ಣುಮಕ್ಕಳಿಗೆ ಅರ್ಥವಿಲ್ಲದ್ದು.

ಆಶಾ ಕಾರ್ಯಕರ್ತೆಯರ ಸ್ಥಿತಿ

ಇದೇ ಮೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ದುಡಿಯುವ ಆಶಾ ಕಾರ್ಯಕರ್ತೆಯರನ್ನು ಇವರೊಂದಿಗೆ ಹೋಲಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಸಾವಿರ ಜನಸಂಖ್ಯೆಗೆ ಒಬ್ಬ ಆಶಾ ಎಂದು ನಿಗದಿಪಡಿಸಿತು. ಹಿಂದುಳಿದ ಸಮುದಾಯಗಳಿಗೆ ಸೂಕ್ತ ಪ್ರಾತಿನಿಧ್ಯ ಇರಬೇಕೆಂದು ಮಾರ್ಗಸೂಚಿಯೂ ಹೇಳುತ್ತದೆ. ಆದರೆ ನೇಮಕದಲ್ಲಿ ಪ್ರಾತಿನಿಧ್ಯ ಕೊಟ್ಟಮಾತ್ರಕ್ಕೆ ಕೆಲಸದಲ್ಲಿ ಗೌರವ ದೊರೆಯುವುದಿಲ್ಲ. ದಲಿತ ಕೇರಿಯ ಆಶಾ ಮೇಲುಕೇರಿಯ ಬಾಣಂತಿಯ ಮನೆಗೆ ಹೋದಾಗ ಆಕೆ ಕೂರುವುದು ಎಲ್ಲಿ, ಕೂಸನ್ನು ಎತ್ತಿಕೊಳ್ಳಬಹುದೇ ಎಂಬ ಪ್ರಶ್ನೆಗಳಿಗೆ ಮಾರ್ಗಸೂಚಿಯಲ್ಲಿ ಉತ್ತರವಿಲ್ಲ. ಇಲಾಖೆಯ ಮಾಸಿಕ ಸಭೆ ಗುರಿ ತಲುಪಿದ್ದನ್ನು ಕೇಳುತ್ತದೆ. ತಲುಪಲು ಪಟ್ಟ ಪಾಡನ್ನು ಕೇಳುವ ಪರಿಪಾಠ ಅಲ್ಲಿಲ್ಲ.

ಆಶಾಗಳು ತಮ್ಮ ಮಾತನ್ನು ಆಡಿದ್ದು ಕಾರ್ಮಿಕ ಸಂಘಟನೆಯ ಮೂಲಕ. ಎಐಯುಟಿಯುಸಿಗೆ ಸಂಯೋಜಿತವಾದ ಕರ್ನಾಟಕ ರಾಜ್ಯ ಸಂಯುಕ್ತ ಆಶಾ ಕಾರ್ಯಕರ್ತೆಯರ ಸಂಘವು 2025ರ ಜನವರಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ನಡೆಸಿದ ಅಹೋರಾತ್ರಿ ಧರಣಿಯ ನಾಲ್ಕನೇ ದಿನ, ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ದೊರೆಯಿತು. ಭರವಸೆ ಈಡೇರಿಲ್ಲವೆಂದು ಅದೇ ವರ್ಷದ ಆಗಸ್ಟ್‌ನಲ್ಲಿ ಅವರು ಮತ್ತೆ ಬೀದಿಗಿಳಿದರು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾಗಳನ್ನು ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿಯಿಂದ ಸನ್ಮಾನಿಸಿತ್ತು ಎಂಬುದನ್ನೂ ಇದರ ಪಕ್ಕದಲ್ಲಿ ಇಟ್ಟು ನೋಡಬೇಕು. ಇವರಿಗೆ ಕೊಡುವುದನ್ನು ಸರ್ಕಾರ ‘ಗೌರವಧನ’ ಎನ್ನುತ್ತದೆ. ಅದರಲ್ಲಿ ಗೌರವವೂ ತುಸು ಕಡಿಮೆ, ಧನವೂ ಕಡಿಮೆ ಎಂದು ನಗುವವರು ಅವರೇ. ಸಂಘಟನೆ ಕೂಲಿಗಾಗಿ ಹೋರಾಡಬಲ್ಲದು. ಮನೆಯಂಗಳದ ಅವಮಾನವನ್ನು ಹಂಚಿಕೊಳ್ಳಲು ಬೇಕಾದ ಸಣ್ಣ ಗುಂಪು, ನಂಬಿಕೆಯ ಗುಂಪು ಬೇರೆಯೇ. ಘಟಪ್ರಭಾದ ಹೆಣ್ಣುಮಕ್ಕಳಿಗೆ ಎರಡನೆಯದು ಮೊದಲೇ ಇತ್ತು ಎಂಬುದು ಅವರ ಭಾಗ್ಯ.

ದೊಡ್ಡ ಆಸ್ಪತ್ರೆಗಳಲ್ಲೂ

ಇದು ಹಳ್ಳಿಯ, ಅನಕ್ಷರಸ್ಥರ ಸಮಸ್ಯೆ ಮಾತ್ರವೆಂದು ತಿಳಿಯಬೇಕಾಗಿಲ್ಲ. ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳು ಎದುರಿಸುತ್ತಿದ್ದ ತಾರತಮ್ಯವನ್ನು ಪ್ರೊ. ಸುಖದೇವ ಥೋರಟ್ ಸಮಿತಿ 2007ರಲ್ಲಿ ದಾಖಲಿಸಿತು. ತಡವಿ ಭಿಲ್ ಸಮುದಾಯದ ಡಾ. ಪಾಯಲ್ ತಡವಿ ಮುಂಬೈಯಲ್ಲಿ ಸ್ನಾತಕೋತ್ತರ ವ್ಯಾಸಂಗದ ನಡುವೆ 2019ರ ಮೇ 22ರಂದು ಪ್ರಾಣ ಕಳೆದುಕೊಂಡರು. ಜಾತಿ ನಿಂದನೆಯ ಆರೋಪದ ಆ ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. ಬ್ರಿಟನ್ನಿನಲ್ಲಿ ಭಾರತ ಮೂಲದ ವೈದ್ಯರು 1996ರಲ್ಲಿಯೇ ‘ಬಾಪಿಯೊ’ ಎಂಬ ಸಂಘ ಕಟ್ಟಿಕೊಂಡರು. ವಿದೇಶಿ ವೈದ್ಯರ ತರಬೇತಿ ಅವಕಾಶವನ್ನು ಮೊಟಕುಗೊಳಿಸಿದ ಸರ್ಕಾರಿ ಮಾರ್ಗಸೂಚಿಯ ವಿರುದ್ಧ ಆ ಸಂಘ 2008ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠದಲ್ಲಿ ಗೆದ್ದಿತು. ಅಲ್ಲಿ ಬಣ್ಣ, ಇಲ್ಲಿ ಜಾತಿ. ಬಿಳಿಗೋಟು ಧರಿಸಿದಾಕ್ಷಣ ಎರಡೂ ಕಳಚಿ ಬೀಳುವುದಿಲ್ಲ. ನಮ್ಮ ರಾಜ್ಯದಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹೆಣ್ಣುಮಕ್ಕಳಿಗೆ ಡಾ. ಸುದರ್ಶನ್ ಅವರು 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ದಾದಿಯರ ತರಬೇತಿ ಕೊಡಿಸಿದ್ದು, ಅವರು ತಮ್ಮ ಜನರ ನಡುವೆಯೇ ದುಡಿಯುವಂತಾದದ್ದು ಗಮನಾರ್ಹ. ಜೊತೆಗಾರ್ತಿಯರು ಇದ್ದಲ್ಲಿ ಒಂಟಿತನದ ಪ್ರಶ್ನೆ ಅಷ್ಟರಮಟ್ಟಿಗೆ ಕಡಿಮೆ.

ಕಾನೂನಿನ ನೆರವು

ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ 2017ರಲ್ಲಿ ಅಂಗೀಕಾರಗೊಂಡು 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂತು. ಸೋಂಕಿನ ಕಾರಣಕ್ಕೆ ಕೆಲಸದಿಂದ ತೆಗೆಯುವುದನ್ನು ಅದು ನಿಷೇಧಿಸುತ್ತದೆ. ಸೋಂಕು ತಗಲುವ ಅಪಾಯವಿರುವ ಸಿಬ್ಬಂದಿಗೆ ಸುರಕ್ಷಿತ ವಾತಾವರಣ ಕಲ್ಪಿಸಬೇಕೆಂದೂ, 20 ಅಥವಾ ಹೆಚ್ಚು ಜನರಿರುವ ಆರೋಗ್ಯ ಸಂಸ್ಥೆಗಳು ದೂರು ಆಲಿಸುವ ಅಧಿಕಾರಿಯನ್ನು ನೇಮಿಸಬೇಕೆಂದೂ ಹೇಳುತ್ತದೆ. ಹತ್ತು ಹನ್ನೆರಡು ಮಂದಿಯ ಸಣ್ಣ ಸಂಸ್ಥೆಯಲ್ಲಿ ಗೌರವಧನಕ್ಕೆ ದುಡಿಯುವ ಪಿಯರ್ ಈ ಎಣಿಕೆಯ ಹೊರಗೇ ಉಳಿಯುತ್ತಾಳೆ. ಆಕೆಗೆ ದೂರು ಆಲಿಸುವ ಅಧಿಕಾರಿ ಎಂದರೆ ಸಂಘದ ಅಕ್ಕಂದಿರೇ.

ಆ ಅಕ್ಕಂದಿರಿಗೆ ಈಗ ವಯಸ್ಸಾಗುತ್ತಿದೆ. ಆವಾಹನ್ ಯೋಜನೆಯ ಕೆಲಸ 2009ರಿಂದ ಹಂತ ಹಂತವಾಗಿ ಸರ್ಕಾರದ ಕೈಗೆ ಹೋಯಿತು. ಅದರೊಂದಿಗೆ ಭೇಟಿ, ಪರೀಕ್ಷೆ, ಮಾತ್ರೆಗಳ ಲೆಕ್ಕ ಮುಂದುವರಿಯಿತು. ಸಭೆಯ ಖರ್ಚು, ಬಸ್ ಚಾರ್ಜು, ಒಂದು ಹೊತ್ತು ಕೂಡಿ ಕುಳಿತು ಮಾತಾಡುವ ಬಿಡುವು ಇವು ಲೆಕ್ಕಕ್ಕೆ ಸಿಗದ ಬಾಬುಗಳು. ಯಾವುದೇ ಯೋಜನೆಯಲ್ಲಿ ಮೊದಲು ಕತ್ತರಿ ಬೀಳುವುದು ಇಂಥವಕ್ಕೇ. ಸಂಘಕ್ಕೆ ಸ್ವಂತ ಉಳಿತಾಯ ಇರುವಲ್ಲಿ ಸಭೆ ನಿಲ್ಲುವ ಭಯವಿಲ್ಲ. ಯೋಜನೆಯ ಹಣವೊಂದನ್ನೇ ನೆಚ್ಚಿಕೊಂಡ ಗುಂಪುಗಳಿಗೆ ಆ ಭದ್ರತೆ ಇಲ್ಲ.

ಮುಂದಿನ ತಲೆಮಾರಿನ ದಾರಿ ಬೇರೆ. ದೇವದಾಸಿಯರ ಹೆಣ್ಣುಮಕ್ಕಳು ಪಿಯರ್ ಆಗಿ ಅಲ್ಲ, ಅರ್ಹತೆ ಪಡೆದ ದಾದಿಯಾಗಿ, ಪ್ರಯೋಗಾಲಯದ ತಂತ್ರಜ್ಞೆಯಾಗಿ ಆಸ್ಪತ್ರೆಗೆ ಬರಬೇಕೆಂಬುದು ತಾಯಂದಿರ ಆಸೆ. ಅದಕ್ಕೆ ಅಡ್ಡ ನಿಂತಿದ್ದ ಚಿಕ್ಕದೊಂದು ಗೋಡೆ ಪ್ರವೇಶ ಅರ್ಜಿಯಲ್ಲಿನ ‘ತಂದೆಯ ಹೆಸರು’ ಎಂಬ ಸಾಲು. ರಾಜ್ಯ ವಿಧಾನಮಂಡಲವು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ದೇವದಾಸಿ ತಡೆ, ನಿಷೇಧ, ಪರಿಹಾರ ಮತ್ತು ಪುನರ್ವಸತಿ ಮಸೂದೆ ಈ ಮಕ್ಕಳು ತಂದೆಯ ಹೆಸರು ಕೊಡುವುದು ಕಡ್ಡಾಯವಲ್ಲ ಎನ್ನುತ್ತದೆ. ಪಿತೃತ್ವ ಸಾಬೀತುಪಡಿಸಲು ಬಯಸುವ ಮಕ್ಕಳಿಗೆ ಡಿಎನ್‌ಎ ಪರೀಕ್ಷೆಯ ಅವಕಾಶವನ್ನೂ ಅದರಲ್ಲಿ ಕಲ್ಪಿಸಲಾಗಿದೆ.